ಎರಡು ಸುಗ್ಗಿಗಳ ನಡುವೆ ಒಬ್ಬ ನಟ

ನಟನೆಯನ್ನೇ ನಂಬಿದವರಿಗೆ ಕೆಲಸವಿಲ್ಲದ ತಿಂಗಳುಗಳ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ನನಗೆ ಆ ಲೆಕ್ಕವನ್ನು ಮೊದಲು ಕಲಿಸಿದ್ದು ಕೊಡಗಿನ ಸೋಮವಾರಪೇಟೆಯ ಪಕ್ಕದಲ್ಲಿರುವ ನಮ್ಮ ನಾಲ್ಕೆಕರೆ ಕಾಫಿ ತೋಟ. ಕಾಫಿಯ ಹಣ ಕೈಸೇರುವುದು ವರ್ಷಕ್ಕೊಮ್ಮೆ. ಗೊಬ್ಬರ, ಕಳೆ, ಕಪಾತು, ನೆರಳು ಮರಗಳ ಮರಗಸಿ ಎಂದು ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ಆದ್ದರಿಂದ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್‌ನಲ್ಲಿ ಒಂದು ವರ್ಷ ಕಲಿತು ಹೊರಬಂದಾಗ, ನಟನ ಆದಾಯಕ್ಕೆ ಭರವಸೆಯಿಲ್ಲ ಎಂದು ಬಂಧುಗಳು ಎಚ್ಚರಿಸಿದ್ದು ನನಗೆ ಹೊಸ ಸುದ್ದಿಯಾಗಿ ಕೇಳಲಿಲ್ಲ. ನಾನು ಲೆಕ್ಕ ತಪ್ಪಿದ್ದು ಬೇರೆ ಕಡೆ: ಕಾಫಿಯ ಸುಗ್ಗಿ ಮತ್ತು ನಾಟಕದ ಸುಗ್ಗಿ ಎರಡೂ ಒಂದೇ ಕಾಲಕ್ಕೆ ಬರುತ್ತವೆ ಎಂಬುದು ನನಗೆ ಹೊಳೆದಿರಲಿಲ್ಲ.

1949ರಲ್ಲಿ ಹುಟ್ಟಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ತಂಡವನ್ನೂ ಆರಂಭಿಸಿದ ಮೇಲೆ, ನಟರ ತಂಡವೊಂದು ಮಳೆಗಾಲದಲ್ಲಿ ನಾಟಕ ಕಟ್ಟಿ, ಮಳೆ ನಿಂತ ಮೇಲೆ ಊರೂರು ಸುತ್ತುವ ಕ್ರಮ ಕರ್ನಾಟಕದ ಎಷ್ಟೋ ನಟರ ವರ್ಷವನ್ನೇ ರೂಪಿಸಿದೆ. ಸಾಣೇಹಳ್ಳಿಯ ಶಿವಸಂಚಾರವೂ ಇದೇ ಬಗೆಯ ಸಂಚಾರ. ಸಂಬಳ ದೊಡ್ಡದಲ್ಲದಿದ್ದರೂ ಊಟ, ವಸತಿ ಮತ್ತು ಪ್ರತಿ ಸಂಜೆಯೂ ಒಂದು ಪ್ರದರ್ಶನ ಸಿಗುವುದು ಹೊಸ ನಟನಿಗೆ ಸಣ್ಣ ಮಾತಲ್ಲ. ಆದರೆ ಲಾರಿಗೆ ರಂಗಸಜ್ಜಿಕೆ ಏರಿಸುವ ಹೊತ್ತಿಗೇ ನಮ್ಮಲ್ಲಿ ಅರೇಬಿಕಾ ಹಣ್ಣಾಗುತ್ತದೆ. ಅದು ಜನವರಿಯ ಹೊತ್ತಿಗೆ ಮುಗಿದರೆ ರೊಬಸ್ಟಾ ಶುರುವಾಗಿ ಮಾರ್ಚ್‌ವರೆಗೆ ಎಳೆಯುತ್ತದೆ. ನಾನು ತಿರುಗಾಟದಲ್ಲಿದ್ದ ಆ ಒಂದು ವರ್ಷ ಆಳುಗಳು ಹೊತ್ತಿಗೆ ಸಿಗದೆ ಹಣ್ಣು ಗಿಡದ ಬುಡದಲ್ಲೇ ಉದುರಿತು. ಅಮ್ಮ ಫೋನಿನಲ್ಲಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಮರುವರ್ಷದಿಂದ ನಾನು ಪೂರ್ಣಾವಧಿಯ ತಂಡಗಳಿಗೆ ಸೇರದೆ, ಧಾರಾವಾಹಿ, ಸಿನಿಮಾದ ಸಣ್ಣ ಪಾತ್ರ, ಶಾಲೆಗಳ ರಂಗಶಿಬಿರ ಮತ್ತು ಡಬ್ಬಿಂಗ್ ಎಂದು ಬಿಡಿ ಕೆಲಸಗಳನ್ನು ಹಿಡಿದೆ. ಕೊಡಗಿನಲ್ಲಿ ನಾಟಕದ ಪರಂಪರೆ ಇಲ್ಲವೆಂದಲ್ಲ. ಹರದಾಸ ಅಪ್ಪಚ್ಚಕವಿಗಳು 1906ರಲ್ಲೇ ಕೊಡವ ಭಾಷೆಯಲ್ಲಿ ಯಯಾತಿಯ ಕಥೆಯನ್ನು ನಾಟಕವಾಗಿಸಿದ್ದರು. ಆದರೆ ಸಂಭಾವನೆಯ ಕೆಲಸ ಬೇಕಿದ್ದರೆ ಘಟ್ಟ ಇಳಿದು ಮೈಸೂರಿಗೋ ಬೆಂಗಳೂರಿಗೋ ಹೋಗಲೇಬೇಕು, ಅದೂ ಬಸ್ಸಿನಲ್ಲೇ, ಏಕೆಂದರೆ ಈ ಜಿಲ್ಲೆಗೆ ರೈಲಿಲ್ಲ.

ಬಿಡಿ ಕೆಲಸಕ್ಕೆ ಬಿಡಿ ಲೆಕ್ಕವೂ ಬೇಕು. ಧಾರಾವಾಹಿಯೊಂದರಲ್ಲಿ ನಾಯಕಿಯ ಸಾಲಗಾರ ಮಾವನಾಗಿದ್ದೆ. ಕಥೆ ಬೇರೆ ಕಡೆ ತಿರುಗಿತೆಂದು ಒಂದು ಬೆಳಿಗ್ಗೆ ನನ್ನ ಫೋಟೋಗೆ ಹಾರ ಹಾಕಿದರು, ಬಾಕಿ ಉಳಿದಿದ್ದ ಹನ್ನೊಂದು ದಿನಗಳ ಸಂಭಾವನೆ ಕೊನೆಗೂ ಬರಲಿಲ್ಲ. ಆಮೇಲೆ ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ಶೂಟಿಂಗ್ ನಡೆದ ದಿನಾಂಕ, ಕರೆದವರ ಹೆಸರು, ಒಪ್ಪಿದ ಮೊತ್ತ, ಕೈಗೆ ಬಂದ ಮೊತ್ತ ಮತ್ತು ಹಿಡಿದ ಟಿಡಿಎಸ್ (ಹಣ ಕೊಡುವವರೇ ಮುರಿದುಕೊಳ್ಳುವ ತೆರಿಗೆ) ಎಂದು ಗೆರೆ ಹಾಕಿಕೊಂಡೆ. ನಮ್ಮ ಸಂಭಾವನೆಯಲ್ಲಿ ಸಾಮಾನ್ಯವಾಗಿ ಶೇ 10ರಷ್ಟನ್ನು ಹೀಗೆ ಮುರಿಯುತ್ತಾರೆ. ವರ್ಷದ ಆದಾಯ ತೆರಿಗೆಯ ಮಿತಿಗಿಂತ ಕೆಳಗಿದ್ದರೆ ಅದು ನಮ್ಮದೇ ಹಣ, ರಿಟರ್ನ್ ಸಲ್ಲಿಸಿದರೆ ವಾಪಸ್ಸು ಬರುತ್ತದೆ. ಮುರಿದವರು ಅದನ್ನು ಸರ್ಕಾರಕ್ಕೆ ಕಟ್ಟಿದ್ದಾರೆಯೇ ಎಂದು ಪ್ಯಾನ್ ಸಂಖ್ಯೆಯ ಮೂಲಕ ನಾವೇ ನೋಡಿಕೊಳ್ಳಬಹುದು. ಪಾತ್ರದೊಳಗೆ ಇಳಿಯುವ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ಹಿರಿಯರಲ್ಲಿ ಒಬ್ಬರೂ ನನಗೆ ಇದನ್ನು ಹೇಳಿಕೊಡಲಿಲ್ಲ, ಸೋಮವಾರಪೇಟೆಯಲ್ಲಿ ಕಾಫಿ ಕೊಳ್ಳುವವರೊಬ್ಬರ ಗುಮಾಸ್ತರು ಹೇಳಿಕೊಟ್ಟರು.

ಉಳಿದದ್ದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಕೊಯ್ಲಿಲ್ಲ, ಊರುಗಳಲ್ಲಿ ನಾಟಕವಿಲ್ಲ, ನಮ್ಮ ಕಡೆ ಎಷ್ಟೋ ದಿನ ಕರೆಂಟೂ ಇಲ್ಲ. ಮೊದಮೊದಲು ಇವು ನನಗೆ ಸತ್ತ ತಿಂಗಳುಗಳಾಗಿದ್ದವು. ಈಗ ವರ್ಷದ ನಿಜವಾದ ಕಸುಬು ನಡೆಯುವುದು ಇಲ್ಲೇ ಎನ್ನಿಸುತ್ತದೆ: ಬೆಳಿಗ್ಗೆ ಉಸಿರಿನ ಅಭ್ಯಾಸ, ಮಧ್ಯಾಹ್ನ ಹಳಗನ್ನಡದ ಒಂದು ಪುಟವನ್ನಾದರೂ ಗಟ್ಟಿಯಾಗಿ ಓದುವುದು, ಸಂಜೆ ಹಿಂದಿನ ವರ್ಷದ ಪಾತ್ರವೊಂದನ್ನು ಮತ್ತೆ ಕಟ್ಟಿ ನೋಡುವುದು. ಓದಿನಲ್ಲಿ ದನಿ ಎಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಮಳೆಯ ಸದ್ದನ್ನು ಮೀರಿ ಮಾತನಾಡಲು ಹೊರಟಾಗ ಬೇಗ ತಿಳಿಯುತ್ತದೆ.

ಆಡಿಷನ್‌ಗಳು ಈಗ ಹೆಚ್ಚಾಗಿ ಮೊಬೈಲಿನಲ್ಲೇ ನಡೆಯುತ್ತವೆ. ನಾವೇ ವಿಡಿಯೊ ಮಾಡಿ ಕಳಿಸಬೇಕು. ಆದರೆ ನಮ್ಮ ಮನೆಯ ಅರ್ಧಕ್ಕೆ ಜಿಂಕ್ ಶೀಟು, ಜುಲೈ ಮಳೆಯಲ್ಲಿ ಅದರಡಿ ನಿಂತರೆ ನನ್ನ ಮಾತು ನನಗೇ ಕೇಳುವುದಿಲ್ಲ. ಹಿಂದಿನ ವರ್ಷ ಉಪಾಯವೊಂದು ಸಿಕ್ಕಿತು. ಹಂಚಿನ ಮಾಡಿರುವ ಗೋದಾಮಿನಲ್ಲಿ, ಮಾರದೆ ಇಟ್ಟಿದ್ದ ಒಣ ಚೆರ್ರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು) ಚೀಲಗಳನ್ನು ಮೂರು ಕಡೆ ಆಳೆತ್ತರಕ್ಕೆ ಪೇರಿಸಿ ನಡುವೆ ನಿಂತರೆ, ಗೋಣಿ ಮತ್ತು ಕಾಫಿ ಸೇರಿ ಮಾರ್ದನಿಯನ್ನು ನುಂಗಿಬಿಡುತ್ತವೆ. ಧೂಳಿಗೆ ಕೆಮ್ಮು ಬರುವುದೊಂದೇ ತೊಂದರೆ. ಮಳೆ ಹತ್ತು ನಿಮಿಷ ಬಿಡುವು ಕೊಟ್ಟಾಗ ಚಿತ್ರಿಸಿ, ಸಿಗ್ನಲ್ ಸಿಗುವ ರಸ್ತೆಯ ತಿರುವಿಗೆ ಕೊಡೆ ಹಿಡಿದು ಹತ್ತಿ ಕಳಿಸುತ್ತೇನೆ. ಒಮ್ಮೆ ಪಾತ್ರ ಸಿಗಲಿಲ್ಲ, ಆದರೆ ಕಾಸ್ಟಿಂಗ್‌ನವರು ‘ಸರ್, ಆ ಗೋಡೌನ್ ಬಾಡಿಗೆಗೆ ಸಿಗುತ್ತಾ?’ ಎಂದು ಕೇಳಿದರು.

ಎದುರು ಪಾತ್ರದ ಮಾತುಗಳನ್ನು ಅಮ್ಮ ಓದಿಕೊಡುತ್ತಾರೆ. ಪ್ರೇಯಸಿಯಾಗಲಿ, ಪೊಲೀಸ್ ಇನ್‌ಸ್ಪೆಕ್ಟರ್ ಆಗಲಿ, ಎಲ್ಲವೂ ಅವರ ಬಾಯಲ್ಲಿ ತೋಟದ ಆ ತುದಿಯಲ್ಲಿರುವ ಆಳಿಗೆ ಕೂಗಿ ಹೇಳುವ ದನಿಯಲ್ಲೇ ಬರುತ್ತವೆ, ಅದೂ ನನ್ನ ವಾಕ್ಯ ಮುಗಿಯುವ ಮೊದಲೇ. ನಿನ್ನೆ ರಾತ್ರಿ ನ್ಯಾಯಾಲಯದ ದೃಶ್ಯವೊಂದರಲ್ಲಿ ನಾನು ಮಾತಿನ ನಡುವೆ ಸ್ವಲ್ಪ ಹೊತ್ತು ಮೌನವಾಗಿ ನಿಂತದ್ದಕ್ಕೆ, ಮರೆತೆನೆಂದು ತಿಳಿದು, ನನ್ನ ಮುಂದಿನ ಸಾಲನ್ನೂ ಅವರೇ ಓದಿ ಮುಗಿಸಿದರು.