ಶುಗರ್ ಮೀಟರ್ ಇದೆ, ಡಿಎನ್‌ಎ ಮೀಟರ್ ಯಾಕಿಲ್ಲ?

ಮೈಸೂರಿನ ಲ್ಯಾಬಲ್ಲಿ ಡಿಎನ್‌ಎ ಸೆನ್ಸಾರ್ ಮೇಲೆ ಕೆಲಸ ಮಾಡುತ್ತೇನೆ ಅಂದರೆ ಸಾಕು, ಎಲ್ಲರೂ ಇದನ್ನೇ ಕೇಳುತ್ತಾರೆ. ಮಂಡ್ಯ ಹತ್ತಿರ ಕಬ್ಬು ಬೆಳೆಯುವ ನಮ್ಮ ಚಿಕ್ಕಪ್ಪ ಕೇಳುವುದು ಹೀಗೆ: "ಒಂದು ತೊಟ್ಟು ರಕ್ತ ಹಾಕಿದ್ರೆ ಐದು ಸೆಕೆಂಡಲ್ಲಿ ಶುಗರ್ ಹೇಳ್ತದೆ. ಅಂಗೇ ಬಿತ್ತನೆ ಕಬ್ಬಲ್ಲಿ ರೋಗ ಅದಾ ಇಲ್ವಾ ಅಂತ ಹೇಳೋ ಮಿಷನ್ ಯಾಕೆ ಬಂದಿಲ್ಲ ಕಣಪ್ಪ?"

ಪ್ರಶ್ನೆ ಸರಿಯಾಗಿಯೇ ಇದೆ. ಎರಡೂ ಕಡೆ ಅಳೆಯುವುದು ಕರೆಂಟನ್ನೇ. ಶುಗರ್ ಸ್ಟ್ರಿಪ್ ಮೇಲಿನ ಕಿಣ್ವ ಗ್ಲೂಕೋಸ್‌ನಿಂದ ಎಲೆಕ್ಟ್ರಾನ್ ಕಿತ್ತು ಎಲೆಕ್ಟ್ರೋಡಿಗೆ, ಅಂದರೆ ಕರೆಂಟ್ ಹರಿಯುವ ತುದಿಗೆ, ಮುಟ್ಟಿಸುತ್ತದೆ. 1962ರಲ್ಲಿ ಅಮೆರಿಕದ ವಿಜ್ಞಾನಿ ಲೆಲ್ಯಾಂಡ್ ಕ್ಲಾರ್ಕ್ ಹಾಕಿಕೊಟ್ಟ ದಾರಿ ಇದು. ಡಿಎನ್‌ಎ ಕೂಡ ಎಲೆಕ್ಟ್ರೋಡಿಗೆ ಸ್ಪಂದಿಸುತ್ತದೆ ಎಂದು ಜೆಕ್ ವಿಜ್ಞಾನಿ ಎಮಿಲ್ ಪಾಲೆಚೆಕ್ ತೋರಿಸಿದ್ದು ಅದಕ್ಕೂ ಮೊದಲೇ, 1960ರಲ್ಲಿ.

ಈಗ ನಾವು ಮಾಡುವುದು ಹೀಗೆ. ಡಿಎನ್‌ಎಯ ಒಂಟಿ ಎಳೆಯೊಂದರ ತುದಿಗೆ ಗಂಧಕ ಸೇರಿಸಿ ಚಿನ್ನದ ಎಲೆಕ್ಟ್ರೋಡಿನ ಮೇಲೆ ನಿಲ್ಲಿಸುತ್ತೇವೆ. ಗಂಧಕ ಚಿನ್ನಕ್ಕೆ ಗಟ್ಟಿಯಾಗಿ ಅಂಟುತ್ತದೆ. ಇದು ಪ್ರೋಬ್. ಹುಡುಕುತ್ತಿರುವ ರೋಗಾಣುವಿನ ಎಳೆ ಬಂದು ಅಕ್ಷರಕ್ಕೆ ಅಕ್ಷರ ಜೋಡಿಯಾದರೆ ಪ್ರೋಬ್ ಸೆಟೆದು ನಿಲ್ಲುತ್ತದೆ. ಅದರ ಇನ್ನೊಂದು ತುದಿಗೆ ಕೂರಿಸಿದ, ಚಿನ್ನದೊಂದಿಗೆ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಮೆಥಿಲೀನ್ ಬ್ಲೂ ಎಂಬ ಬಣ್ಣ ಚಿನ್ನದಿಂದ ದೂರ ಸರಿಯುತ್ತದೆ, ಕರೆಂಟ್ ಇಳಿಯುತ್ತದೆ. ಇಷ್ಟು ಚೆಂದದ ಉಪಾಯ ನಾನು ಕೆಮಿಸ್ಟ್ರಿಯಲ್ಲಿ ಬೇರೆ ಕಂಡಿಲ್ಲ.

ತೊಡಕು ಇರುವುದು ಲೆಕ್ಕದಲ್ಲಿ. ಶುಗರ್ 90 ಇದ್ದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 30 ಕೋಟಿ ಕೋಟಿ ಗ್ಲೂಕೋಸ್ ಅಣುಗಳು ಇರುತ್ತವೆ. ಒಂದೊಂದೂ ಎರಡೆರಡು ಎಲೆಕ್ಟ್ರಾನ್ ಕೊಡುತ್ತದೆ. ರೋಗಾಣುವಿನ ಡಿಎನ್‌ಎ ಅಷ್ಟೇ ದ್ರವದಲ್ಲಿ ಕೆಲವು ನೂರು ಇದ್ದರೆ ಜಾಸ್ತಿ. ಎಷ್ಟೋ ಸಲ ಒಂದೂ ಇರುವುದಿಲ್ಲ. ಇದ್ದರೂ ಜೋಡಿಯಾದಾಗ ಅದು ತಾನಾಗಿ ಎಲೆಕ್ಟ್ರಾನ್ ಕೊಡುವುದಿಲ್ಲ.

ಇಲ್ಲಿ ಮೈಕ್ರೋಎಲೆಕ್ಟ್ರೋಡ್ ಸಹಾಯಕ್ಕೆ ಬರುತ್ತದೆ. ಅಗಲ ಸುಮಾರು 25 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಿಮೆ, ಅಂದರೆ ಮಿಲಿಮೀಟರಿನ ನಲವತ್ತನೇ ಒಂದು ಭಾಗ. ಇಷ್ಟು ಚಿಕ್ಕದಾದಾಗ ಅಣುಗಳು ಮೇಲಿನಿಂದ ಮಾತ್ರವಲ್ಲ, ಸುತ್ತಲಿನಿಂದಲೂ ಬಂದು ಸೇರುತ್ತವೆ. ಮೇಲ್ಮೈ ಸಣ್ಣದಾದ್ದರಿಂದ ಅಲ್ಲಿ ಸುಮ್ನೆ ಚಾರ್ಜ್ ಆಗಿ ಹೋಗುವ ಕರೆಂಟೂ ಕಡಿಮೆ, ಗದ್ದಲದ ನಡುವೆ ಸಿಗ್ನಲ್ ಎದ್ದು ಕಾಣುತ್ತದೆ. ಆದರೆ ಒಂದೊಂದರ ಕರೆಂಟ್ ನ್ಯಾನೋ ಆಂಪಿಯರ್ ಮಟ್ಟದ್ದು, ಕೆಲವೊಮ್ಮೆ ಇನ್ನೂ ಕೆಳಗೆ. ಹಾಗಾಗಿ ಸಾಲು ಸಾಲಾಗಿ ಇಡುತ್ತೇವೆ. ತೀರಾ ಒತ್ತೊತ್ತಾಗಿ ಇಟ್ಟರೆ ಒಂದರ ಪಾಲನ್ನು ಇನ್ನೊಂದು ಕಸಿಯುತ್ತದೆ, ಆಗ ಎಲ್ಲ ಸೇರಿ ಒಂದೇ ದೊಡ್ಡ ಎಲೆಕ್ಟ್ರೋಡಿನಂತೆ ವರ್ತಿಸುತ್ತವೆ. ಒಂದೊಂದರ ಮೇಲೆ ಬೇರೆ ಬೇರೆ ಪ್ರೋಬ್ ಕೂರಿಸಿದರೆ ಒಂದೇ ಚಿಪ್ ಹಲವು ರೋಗ ಹುಡುಕಬಹುದು. ನನಗೆ ಇದೇ ದೊಡ್ಡ ಲಾಭ ಅನ್ನಿಸುತ್ತದೆ.

ಆದರೂ ಆ ಕೆಲವು ನೂರು ಎಳೆಗಳು ಎಲೆಕ್ಟ್ರೋಡಿನ ತನಕ ಬರಬೇಕಲ್ಲ? ಕೆ.ಆರ್.ಎಸ್. ಹಿನ್ನೀರಿನಲ್ಲಿ ನಾಲ್ಕೇ ಮೀನಿದ್ದು ನಮ್ಮ ಬಲೆ ಅಂಗೈಯಗಲ ಇದ್ದಂತೆ. ತಾವಾಗಿ ಬಂದು ಬೀಳುವುದಕ್ಕೆ ಗಂಟೆಗಟ್ಟಲೆ ಕಾಯಬೇಕು. ಅದಕ್ಕೇ ಮೊದಲು ಪಿಸಿಆರ್ ಎಂಬ ನಕಲು ಮಾಡುವ ವಿಧಾನದಿಂದ ಡಿಎನ್‌ಎಯನ್ನು ಕೋಟಿಗಟ್ಟಲೆ ಹೆಚ್ಚಿಸುತ್ತಾರೆ. ಅಮೆರಿಕದ ಜೆನ್‌ಮಾರ್ಕ್ ಕಂಪನಿ ಚಿನ್ನದ ಎಲೆಕ್ಟ್ರೋಡ್, ಮೆಥಿಲೀನ್ ಬ್ಲೂ ಬದಲು ಫೆರೋಸೀನ್ ಗುರುತು ಬಳಸಿ ಇಂಥ ಯಂತ್ರವನ್ನು ಮಾರುಕಟ್ಟೆಗೇ ತಂದಿತು. ಅದರೊಳಗೂ ಮೊದಲ ಹೆಜ್ಜೆ ಪಿಸಿಆರ್. ಪತ್ರಿಕೆಗಳಲ್ಲಿ "ನಿಮಿಷದಲ್ಲಿ ಡಿಎನ್‌ಎ ಪತ್ತೆ" ಅಂತ ಬಂದಾಗ ನಾನು ಮೊದಲು ನೋಡುವುದೇ ಇದನ್ನು: ಡಿಎನ್‌ಎ ಬೇರ್ಪಡಿಸಿ ಹೆಚ್ಚಿಸಿದ ಸಮಯವನ್ನೂ ಲೆಕ್ಕಕ್ಕೆ ಹಿಡಿದಿದ್ದಾರಾ?

ಚಿಕ್ಕಪ್ಪನ ಚಿಂತೆ ಕಬ್ಬು ಹುಲ್ಲಿನ ಹಾಗೆ ಪೊದೆಗಟ್ಟಿ ಬಿಳಿಚಿಕೊಳ್ಳುವ ರೋಗದ್ದು. ಅದನ್ನು ತರುವುದು ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಬಿತ್ತನೆ ತುಂಡಿನಲ್ಲೇ ಅಡಗಿ ಬರುತ್ತದೆ, ಕೂಳೆ ಬೆಳೆಯಲ್ಲಿ ಜಾಸ್ತಿ ಕಾಣಿಸುತ್ತದೆ. ತುಂಡನ್ನು ನೋಡಿ ಹೇಳುವುದು ಕಷ್ಟ, ಆದ್ದರಿಂದ ಡಿಎನ್‌ಎ ಪರೀಕ್ಷೆ ಇಲ್ಲಿ ನಿಜಕ್ಕೂ ಬೇಕು. ಆದರೆ ಕಬ್ಬಿನ ರಸ ಅಂದರೆ ಸಕ್ಕರೆ, ನಾರು, ಬಣ್ಣ ಎಲ್ಲ ಸೇರಿದ್ದು. ಅದನ್ನು ಹಾಗೇ ಚಿನ್ನದ ಮೇಲೆ ಸುರಿದರೆ ಪ್ರೋಬ್‌ಗಳ ಮೇಲೆ ಕೊಳೆ ಕೂರುತ್ತದೆ.

ಹಾಗಾಗಿ ಚಿಕ್ಕಪ್ಪನಿಗೆ ನಾನು ಹೇಳುವುದು ಇಷ್ಟು: ಐದು ಸೆಕೆಂಡಿನ ಮೀಟರ್ ಸದ್ಯಕ್ಕೆ ಬರಲ್ಲ. ಅರ್ಧ, ಮುಕ್ಕಾಲು ಗಂಟೆಯ ಪೆಟ್ಟಿಗೆ ಬರಬಹುದು. ಜಪಾನಿನ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಲ್ಯಾಂಪ್ (LAMP) ಎಂಬ ವಿಧಾನ 60ರಿಂದ 65 ಡಿಗ್ರಿಯ ಒಂದೇ ಬಿಸಿಯಲ್ಲಿ ಡಿಎನ್‌ಎ ಹೆಚ್ಚಿಸುತ್ತದೆ. ಪಿಸಿಆರ್ ಥರ ಮತ್ತೆ ಮತ್ತೆ ಕಾಯಿಸಿ ಆರಿಸುವ ಯಂತ್ರ ಬೇಡ. ಅದರ ಕೆಳಗೆ ನಮ್ಮ ಎಲೆಕ್ಟ್ರೋಡ್ ಸಾಲು ಕೂತರೆ, ರಸ ಶುಚಿ ಮಾಡುವ ಕೆಲಸವೂ ಆ ಪೆಟ್ಟಿಗೆಯೊಳಗೇ ನಡೆದರೆ, ಗದ್ದೆಯ ಬದುವಿನಲ್ಲೇ ಪರೀಕ್ಷೆ ಮಾಡಬಹುದು. ಅಲ್ಲಿಯ ತನಕ ರೋಗ ಕಂಡ ಗದ್ದೆಯಿಂದ ಬಿತ್ತನೆ ತರಬೇಡಿ ಚಿಕ್ಕಪ್ಪ.