ರಂಗೀನ್ ಮಹಲಿನ ಬೀಗ ತೆಗೆದ ದಿನ

ಅಪ್ಪನಿಗೆ ಈಗ 72 ವರ್ಷ. ಅದರಲ್ಲಿ 40 ವರ್ಷಕ್ಕೂ ಜಾಸ್ತಿ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕೆಲಸದಲ್ಲೇ ಹೋಗಿದೆ. ನಮ್ಮ ಮನೆಯಿಂದ ಬೀದರ್ ಕೋಟೆಗೆ ನಡೆದರೆ 20 ನಿಮಿಷ. ಆ ಕೋಟೆಯ ಮಣ್ಣು ಅವರ ಕೈಗೆ ಎಷ್ಟು ಸಲ ಹತ್ತಿದೆಯೋ ಲೆಕ್ಕವಿಲ್ಲ. ಆದರೆ ಕೋಟೆಯೊಳಗಿನ ರಂಗೀನ್ ಮಹಲಿನೊಳಗೆ ಅವರು ಒಂದು ಸಲವೂ ಕಾಲಿಟ್ಟಿರಲಿಲ್ಲ. ಹೋದ ವಾರ ಇಟ್ಟರು. ಅದನ್ನು ಬರೆಯದೆ ಇರೋಕೆ ಆಗಲಿಲ್ಲ.

ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ ಇರುತ್ತದೆ. ನಾನು ಮಗನನ್ನು ಕರೆದುಕೊಂಡು ಕಲಬುರಗಿಯಿಂದ ಊರಿಗೆ ಬಂದಿದ್ದೆ. ಬೆಳಿಗ್ಗೆ ಎರಡು ತಾಸು ರಂಗೀನ್ ಮಹಲಿನ ಬಾಗಿಲು ತೆರೆದಿಡುತ್ತಾರೆ ಅಂತ ಪಕ್ಕದ ಮನೆಯವರು ಹೇಳಿದರು. ಅಪ್ಪನಿಗೆ ಹೇಳಿದೆ. "ಅಲ್ಲೇನದವ್ವ ನೋಡೋದು, ಎಲ್ಲಾ ಬಿದ್ದು ಹೋಗ್ಯಾದ" ಅಂದರು. ಮುತ್ಯಾ ಬರದಿದ್ದರೆ ನಾನೂ ಬರಲ್ಲ ಅಂತ ಮಗ ಚಪ್ಪಲಿ ಬಿಚ್ಚಿ ಕೂತ. ಹಾಗಾಗಿ ಅಪ್ಪ ಟೋಪಿ ಹಾಕಿಕೊಂಡು ಹೊರಟರು.

ಬೀದರ್‌ನ ನವೆಂಬರ್ ಗಾಳಿ ಗೊತ್ತಿದ್ದವರಿಗೆ ಗೊತ್ತು. ಎತ್ತರದ ಊರು, ಬೆಳಿಗ್ಗೆ ಶಾಲು ಬೇಕೇ ಬೇಕು. ಕೋಟೆಯ ಮುಂದೆ ಚಹಾ ಕುಡಿದು ಒಳಗೆ ಹೋದೆವು. ಕಂದಕದ ಹತ್ತಿರ ಬಂದಾಗ ಮಗನನ್ನು ನಿಲ್ಲಿಸಿ ತೋರಿಸಿದೆ. ಒಂದಲ್ಲ, ಮೂರು ಕಂದಕ, ಒಂದರ ಪಕ್ಕ ಒಂದು, ನಡುವೆ ಗೋಡೆ ಹಾಗೆ ಬಂಡೆಯನ್ನೇ ಉಳಿಸಿ ಕೊರೆದಿದ್ದಾರೆ. ಬಹಮನಿ ಸುಲ್ತಾನ ಅಹ್ಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಕಾಲದಲ್ಲಿ, ಅಂದರೆ ಸುಮಾರು 600 ವರ್ಷಗಳ ಹಿಂದೆ ಕಟ್ಟಿಸಿದ ಕೋಟೆ ಇದು. ಶರ್ಜಾ ದರ್ವಾಜಾದ ಮೇಲೆ ಕೆತ್ತಿದ ಎರಡು ಹುಲಿಗಳನ್ನು ಮಗ ಫೋಟೋ ತೆಗೆದ. ಮುಂದೆ ಗುಂಬಜ್ ದರ್ವಾಜಾ. ಅದರ ಹತ್ತಿರವೇ ರಂಗೀನ್ ಮಹಲು.

ಈ ಬಾಗಿಲಿನ ಮುಂದೆ ನಾನು ಎಷ್ಟು ಸಲ ನಿಂತು ವಾಪಸ್ ಬಂದಿದ್ದೇನೋ. ಶಾಲೆಯಲ್ಲಿದ್ದಾಗ ಟ್ರಿಪ್‌ನಲ್ಲಿ ಬಂದಾಗ ಬೀಗ. ಮದುವೆಯಾದ ಮೇಲೆ ಗಂಡನ ಮನೆಯವರನ್ನು ಕರೆದುಕೊಂಡು ಬಂದಾಗಲೂ ಬೀಗ. ಈ ಸಲ ಮಾತ್ರ ಬಾಗಿಲು ಪೂರ್ತಿ ತೆರೆದಿತ್ತು. ಕಾವಲಿನ ಹುಡುಗ ಅಪ್ಪನನ್ನು ನೋಡಿ "ಬರ್ರಿ ಕಾಕಾ, ಮೆಟ್ಟಲು ನೋಡ್ಕೊಂಡು ಬರ್ರಿ" ಅಂತ ಕೈ ಕೊಟ್ಟ.

ಒಳಗೆ ಮೊದಲು ಕಾಣುವುದು ಮರದ ಕಂಬಗಳು. ಕೆತ್ತನೆ ಎಷ್ಟು ಒತ್ತೊತ್ತಾಗಿದೆ ಅಂದರೆ ಬರೀ ಮರ ಕಾಣುವ ಜಾಗವೇ ಇಲ್ಲ. ಕಲ್ಲಿನ ಕೋಟೆಯ ನಡುವೆ ಮರ ಇಷ್ಟು ವರ್ಷ ಉಳಿದಿದೆ ಅನ್ನುವುದೇ ನನಗೆ ಆಶ್ಚರ್ಯ. ಅದನ್ನು ದಾಟಿ ಒಳಕೋಣೆಯ ಬಾಗಿಲಿಗೆ ಬಂದೆವು. ಅಪ್ಪ ಅಲ್ಲೇ ನಿಂತುಬಿಟ್ಟರು.

ಕರಿಕಲ್ಲಿನ ಬಾಗಿಲುವಾಡ. ಅದರಲ್ಲಿ ಬಳ್ಳಿ, ಎಲೆ, ಹೂವು, ಮೇಲೆ ಪರ್ಷಿಯನ್ ಅಕ್ಷರಗಳು, ಎಲ್ಲಾ ಮುತ್ತಿನ ಚಿಪ್ಪಿನಲ್ಲಿ. ಕಲ್ಲನ್ನು ಕೊರೆದು ಚಿಪ್ಪಿನ ಚೂರು ಕೂರಿಸಿದ್ದಾರೆ. ನಾವು ತಲೆ ಆಡಿಸಿದ ಹಾಗೆಲ್ಲ ಅದು ಒಂದು ಸಲ ಬಿಳಿ, ಒಂದು ಸಲ ತಿಳಿ ಗುಲಾಬಿ, ಒಂದು ಸಲ ಹಸಿರು. ಕಪ್ಪಿನ ಮೇಲೆ ಬಿಳಿ ಬಳ್ಳಿ. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ನಾನು ನೋಡಿದ್ದೇ ಇದು!

ಬಿದರಿ ಹೇಗೆ ಮಾಡ್ತಾರೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಅಪ್ಪ ಯಾಕೆ ಹಾಗೆ ನಿಂತರು ಅಂತ ತಿಳಿಯುವುದಿಲ್ಲ. ಸತು ಜಾಸ್ತಿ, ತಾಮ್ರ ಕಡಿಮೆ, ಹೆಚ್ಚುಕಡಿಮೆ 16 ಪಾಲಿಗೆ 1 ಪಾಲು ಸೇರಿಸಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಆರಿದ ಮೇಲೆ ಅರದಿಂದ ಉಜ್ಜಿ ನುಣ್ಣಗೆ ಮಾಡಿ ಮೈಲುತುತ್ತದ ನೀರು ಸವರುತ್ತಾರೆ, ಮೈ ಕಪ್ಪಾಗುತ್ತದೆ, ಆ ಕಪ್ಪಿನ ಮೇಲೆ ಚೂಪು ಮೊನೆಯಿಂದ ಚಿತ್ರ ಬರೆಯುತ್ತಾರೆ. ಆಮೇಲೆ ಉಳಿ. ಗೆರೆ ಕೊರೆದು ಅದರಲ್ಲಿ ಬೆಳ್ಳಿ ತಂತಿ ಇಲ್ಲವೇ ತಗಡು ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಮತ್ತೆ ಉಜ್ಜುತ್ತಾರೆ. ಈಗ ಆ ಮೊದಲಿನ ಕಪ್ಪು ಹೋಗಿರುತ್ತದೆ, ಲೋಹವೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ, ಚಿತ್ರ ಎಲ್ಲಿದೆ ಅಂತ ಹುಡುಕಬೇಕು. ಕೊನೆಗೆ ಬರುವುದು ಕೋಟೆ ಮಣ್ಣು. ಮಳೆ, ಬಿಸಿಲು ಬೀಳದ ಹಳೇ ಜಾಗಗಳ ಮಣ್ಣನ್ನು ನವಸಾಗರ ಅನ್ನುವ ಉಪ್ಪಿನ ಜೊತೆ ನೀರಲ್ಲಿ ಕಲಸಿ, ಕಾಯಿಸಿದ ಪಾತ್ರೆಗೆ ಹಚ್ಚಿದರೆ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಮಣ್ಣು ಸರಿ ಇದೆಯೋ ಇಲ್ಲವೋ ಅಂತ ಅಪ್ಪ ನಾಲಿಗೆಗೆ ಒಂದು ಚಿಟಿಕೆ ಇಟ್ಟು ನೋಡುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ತಿಂದು ನೋಡಿದ್ದೇನೆ, ಉಪ್ಪುಪ್ಪು, ಒಗರು.

ಅಂಥವರು ಈಗ ಕರಿಕಲ್ಲಿನ ಮುಂದೆ ನಿಂತಿದ್ದಾರೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮುಟ್ಟಲಿಲ್ಲ. ಬೆರಳನ್ನು ಕಲ್ಲಿನಿಂದ ಒಂದಿಂಚು ದೂರ ಇಟ್ಟು ಬಳ್ಳಿಯ ಉದ್ದಕ್ಕೂ ಗಾಳಿಯಲ್ಲೇ ಎಳೆದರು. ಐದು ನಿಮಿಷ ಏನೂ ಮಾತಿಲ್ಲ.

ಆಮೇಲೆ ಅವರು ಹೇಳಿದ್ದು ನನಗೆ ಯಾವ ಬೋರ್ಡಿನಲ್ಲೂ ಓದಲು ಸಿಕ್ಕಿರಲಿಲ್ಲ. "ಬೆಳ್ಳಿ ಮೆತ್ತಗಿರ್ತದ. ಗೆರಿ ಒಂದೀಟು ಹೆಚ್ಚುಕಮ್ಮಿ ಆದ್ರೂ ಬಡದ್ರ ಕೂಡ್ತದ. ಚಿಪ್ಪಿಗಿ ಬಡಿಲಾಕ್ ಬರಲ್ಲ, ಬಡದ್ರ ಒಡಿತದ. ಅಂದ್ರ ಇಂವ ಗೆರಿ ಎಷ್ಟದನೋ ಚಿಪ್ಪು ಅಷ್ಟೇ ಕೊಯ್ದಾನ. ಒಂದೊಂದ್ ಎಲಿ ಹಂಗೇ ಕೊಯ್ದಾನ." ಅದನ್ನು ಎರಡು ಸಲ ಹೇಳಿದರು. ಕಾವಲಿನ ಹುಡುಗನೂ ಹತ್ತಿರ ಬಂದು ನಿಂತ. ದಿನಾ ಇದರ ಪಕ್ಕದಲ್ಲೇ ಇರುತ್ತೀನಿ ಕಾಕಾ, ಯಾರೂ ಹೀಗೆ ಹೇಳಿಲ್ಲ ಅಂದ. ಅಪ್ಪ ಅವನಿಗೆ ಇನ್ನೊಂದು ಜಾಗ ತೋರಿಸಿದರು. ಅಲ್ಲಿ ಚಿಪ್ಪು ಉದುರಿ ಬರೀ ಗುಂಡಿ ಉಳಿದಿತ್ತು, ಎಲೆಯ ಆಕಾರದ ಗುಂಡಿ. "ನೋಡು ತಮ್ಮಾ, ಅಂಚು ಎಷ್ಟು ನೆಟ್ಟಗದ. ಕಲ್ಲಿನಾಗ ಇದು. ನನಗ ಜಸ್ತದಾಗ ಇಷ್ಟು ನೆಟ್ಟಗ ತರ್ಲಿಕ್ಕ ಹತ್ತು ವರ್ಷ ಹಿಡೀತು." ಜಸ್ತ ಅಂದರೆ ಸತು, ನಮ್ಮ ಕಡೆ ಹಾಗೇ ಅನ್ನುವುದು.

ಮಹಲಿಗೆ ಈಗಿರುವ ರೂಪ ಬಂದಿದ್ದು 1542ರಿಂದ 1580ರವರೆಗೆ ಆಳಿದ ಅಲಿ ಬರೀದ್ ಷಾನ ಕಾಲದಲ್ಲಿ. ಬಹಮನಿಗಳು ಹೋಗಿ ಬರೀದ್ ಷಾಹಿಗಳು ಬಂದಿದ್ದರು, ರಾಜ್ಯ ಚಿಕ್ಕದಾಗಿತ್ತು. ಚಿಕ್ಕ ರಾಜ್ಯದ ಸುಲ್ತಾನ ಒಂದು ಚಿಕ್ಕ ಮಹಲಿಗೆ ಇಷ್ಟೊಂದು ಕೈಕೆಲಸ ಹಾಕಿಸಿದ್ದಾನೆ. ದೊಡ್ಡ ಬಹಮನಿ ಅರಮನೆಗಳೆಲ್ಲ ಈಗ ಬರೀ ಗೋಡೆ. ಉಳಿದದ್ದು ಈ ಪುಟ್ಟ ಕೋಣೆ. ಗೋಡೆಯ ಹೆಂಚಿನ ಬಿಲ್ಲೆಗಳು, ನೀಲಿ, ಹಳದಿ, ಹಸಿರು, ಅವೂ ಅಲ್ಲಲ್ಲಿ ಉಳಿದಿವೆ.

ಇಲ್ಲಿ ನನಗೆ ಒಂದು ಮಾತು ಹೇಳಲೇಬೇಕು. ಬೀಗ ಯಾಕೆ ಹಾಕುತ್ತಾರೆ ಅಂತ ನನಗೆ ಅರ್ಥವಾಗುತ್ತದೆ. ಕೋಟೆಯ ಬೇರೆ ಗೋಡೆಗಳನ್ನು ನೋಡಿದರೆ ಸಾಕು. ಗಾರೆಯ ಮೇಲೆ ಮೊಳೆಯಿಂದ ಕೆರೆದ ಹೆಸರುಗಳು, ಹೃದಯದ ಗುರುತು, ಮೊಬೈಲ್ ನಂಬರ್. ರಂಗೀನ್ ಮಹಲನ್ನೂ ಹಾಗೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಒಂದು ಚಿಪ್ಪೂ ಉಳಿಯುತ್ತಿರಲಿಲ್ಲ. ಅದು ನಿಜ. ಆದರೆ ಬೀದರ್‌ನಲ್ಲೇ ಹುಟ್ಟಿ, ಇದೇ ಕೈಕೆಲಸ ಮಾಡಿ, ಇದೇ ಕೋಟೆಯ ಮಣ್ಣಿನಿಂದ ಹೊಟ್ಟೆ ಹೊರೆದ ಮನುಷ್ಯ 72 ವರ್ಷಕ್ಕೆ ಇದನ್ನು ಮೊದಲ ಸಲ ನೋಡುವುದು ಸರಿಯಾ? ಇದನ್ನು ಅವರು 20ನೇ ವಯಸ್ಸಿನಲ್ಲಿ ನೋಡಿದ್ದರೆ ಅವರ ಉಳಿ ಯಾವ ಯಾವ ಬಳ್ಳಿ ಬರೆಯುತ್ತಿತ್ತೋ. ತಿಂಗಳಿಗೆ ಒಂದು ದಿನ, ಹತ್ತತ್ತು ಜನರಂತೆ, ಜೊತೆಗೆ ಒಬ್ಬ ಕಾವಲಿನವರು. ಅಷ್ಟು ಮಾಡಬಹುದು ಅಲ್ವಾ? ಬಿದರಿ ಕಲಿಯುವ ಹುಡುಗ ಹುಡುಗಿಯರನ್ನು ಮೊದಲು ಕರೆದುಕೊಂಡು ಬರಬೇಕು. ಪೆನ್ಸಿಲ್, ಹಾಳೆ ಕೊಟ್ಟು ಅರ್ಧ ದಿನ ಕೂರಿಸಬೇಕು.

ಹೊರಗೆ ಬಂದಾಗ ಬಿಸಿಲು ಏರಿತ್ತು. ಸೋಲಾ ಖಂಬ, ಅಂದರೆ 16 ಕಂಬದ ಮಸೀದಿಗೆ ಹೋದೆವು. 1423-24ರ ಶಾಸನ ಇರುವ ಕಟ್ಟಡ, ಬೀದರ್‌ನ ಹಳೆಯ ಕಟ್ಟಡಗಳಲ್ಲೊಂದು. ದಪ್ಪ ದುಂಡು ಕಂಬಗಳ ಸಾಲಿನಲ್ಲಿ ಮಗ ಓಡಾಡಿ 16 ಎಲ್ಲಿ, ಜಾಸ್ತಿ ಇವೆಯಲ್ಲ ಅಂತ ಕೇಳಿದ. ಮುಂಭಾಗದ ಸಾಲಿನ ಕಂಬಗಳಿಂದ ಬಂದ ಹೆಸರು ಅದು. ತಖ್ತ್ ಮಹಲಿಗೆ ಹೋಗುವಷ್ಟು ಅಪ್ಪನ ಮೊಣಕಾಲಿಗೆ ಶಕ್ತಿ ಇರಲಿಲ್ಲ, ದೂರದಿಂದಲೇ ನೋಡಿ ಮನೆಗೆ ಬಂದೆವು. ರೊಟ್ಟಿ, ಪುಂಡಿ ಪಲ್ಯ ಉಂಡು ಅಪ್ಪ ಮಲಗಲಿಲ್ಲ. ಮದ್ರಸಾಕ್ಕೂ ಹೋಗೋಣ ನಡಿ ಅಂದರು!

ಮಹಮೂದ್ ಗವಾನನ ಮದ್ರಸಾ ನಮಗೆ ಬಜಾರಕ್ಕೆ ಹೋಗುವ ದಾರಿಯ ಕಟ್ಟಡ. ಚೌಬಾರಾ ಸುತ್ತಿ ಹೋಗುವಾಗ ತಲೆ ಎತ್ತಿದರೆ ಮಿನಾರು. ಚೌಬಾರಾವನ್ನೂ ಯಾರೂ ನಿಂತು ನೋಡುವುದಿಲ್ಲ, 71 ಅಡಿ ಎತ್ತರದ ದುಂಡು ಗೋಪುರ, ಒಳಗೆ 80 ಮೆಟ್ಟಿಲು, ಅದರ ಬುಡದಲ್ಲಿ ನಾವು ಬರೀ ಆಟೋ ಹುಡುಕುತ್ತೇವೆ. ಮದ್ರಸಾ ಮುಗಿದದ್ದು 1472ರಲ್ಲಿ. ಗವಾನ್ ಇರಾನಿನ ಗೀಲಾನ್ ಕಡೆಯಿಂದ ವ್ಯಾಪಾರಿಯಾಗಿ ಬಂದವನು, ಬಹಮನಿಗಳ ಪ್ರಧಾನಿಯಾದ. ಮೂರು ಅಂತಸ್ತು, ಓದುವ ಕೋಣೆಗಳು, ಗ್ರಂಥಾಲಯ, ಮಸೀದಿ, ಮುಂದೆ ಎರಡು ಮಿನಾರು. ಒಂಬತ್ತೇ ವರ್ಷಕ್ಕೆ, 1481ರಲ್ಲಿ, ಆಗದವರು ಖೋಟಾ ಪತ್ರ ಸೃಷ್ಟಿಸಿ ಸುಲ್ತಾನನ ಕಿವಿ ಕಚ್ಚಿ ಅವನ ತಲೆ ತೆಗೆಸಿದರು. ಔರಂಗಜೇಬನ ಕಾಲದಲ್ಲಿ ಇದೇ ಓದುವ ಮನೆಯಲ್ಲಿ ಸಿಡಿಮದ್ದು ತುಂಬಿಟ್ಟಿದ್ದರು. 1696ರಲ್ಲಿ ಅದು ಸಿಡಿದು ಒಂದು ಮಿನಾರು, ಮುಂಬಾಗಿಲು ಹೋದವು. ಪುಸ್ತಕ ಇಡುವ ಜಾಗದಲ್ಲಿ ಮದ್ದು ಇಟ್ಟರು ಅನ್ನುವುದು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಉಳಿದ ಮಿನಾರಿನ ಮೈಮೇಲೆ ಹೆಂಚಿನ ಬಿಲ್ಲೆಗಳು ಅಂಕುಡೊಂಕು ಪಟ್ಟಿಯಾಗಿ ಇನ್ನೂ ಇವೆ. ಸಂಜೆ ಬಿಸಿಲಿಗೆ ಆ ನೀಲಿ ನೋಡಬೇಕು. ಬಿಲ್ಲೆ ಉದುರಿದ ಕಡೆ ಮಣ್ಣಿನ ಬಣ್ಣ. ಹಿಂದೆ ಪೂರ್ತಿ ಮುಂಭಾಗ ಇದೇ ಬಣ್ಣದಲ್ಲಿತ್ತು ಅಂತ ಮಗನಿಗೆ ಹೇಳಿದೆ. ಅವನು ಒಂದು ಕಣ್ಣು ಮುಚ್ಚಿ, ಉಳಿದ ಚೂರು ನೋಡಿ, ಇನ್ನೊಂದು ಪಕ್ಕಕ್ಕೆ ತಿರುಗಿ ಬಿದ್ದುಹೋದ ಮಿನಾರಿನ ಜಾಗವನ್ನು ನೋಡುತ್ತಾ ನಿಂತ.

ಆ ರಾತ್ರಿ ಅಪ್ಪ ಹಳೇ ಪೇಪರಿನ ಅಂಚಿನಲ್ಲಿ ಬಳ್ಳಿ ಬರೆದರು. ಕೈ ಈಗ ನಡುಗುತ್ತದೆ, ಆದರೂ ಆ ಬಾಗಿಲಿನ ಬಳ್ಳಿಯೇ ಅಂತ ಗುರುತು ಸಿಕ್ಕಿತು.

ಮರುದಿನ ಅಷ್ಟೂರಿಗೆ ಹೋದೆವು. ಊರಿನಿಂದ ಪೂರ್ವಕ್ಕೆ ಸ್ವಲ್ಪ ದೂರ, ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಂಬಜುಗಳು ಸಾಲಾಗಿ ನಿಂತಿವೆ. ಬಹಮನಿ ಸುಲ್ತಾನ ಹುಮಾಯೂನನ ಗೋರಿ ಸಿಡಿಲಿಗೆ ಅರ್ಧ ಸೀಳಿ, ಹಣ್ಣು ಕೊಯ್ದಿಟ್ಟ ಹಾಗೆ ಒಳಗೆಲ್ಲ ಕಾಣುತ್ತದೆ. ನಾವು ಹೋದದ್ದು ಅಹ್ಮದ್ ಷಾನ ಗುಂಬಜಿಗೆ. 1436ರಲ್ಲಿ ತೀರಿಕೊಂಡ ಈ ಸುಲ್ತಾನನನ್ನು ಮುಸ್ಲಿಮರು ವಲಿ, ಅಂದರೆ ಸಂತ ಅನ್ನುತ್ತಾರೆ, ನಮ್ಮ ಕಡೆಯ ಲಿಂಗಾಯತರು ಅಲ್ಲಮಪ್ರಭು ಅನ್ನುತ್ತಾರೆ, ಉರುಸಿಗೆ ಜಂಗಮರು ಬರುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಅಪ್ಪ ಜಾತ್ರೆಗೆ ಬಹಳ ಸಲ ಹೋಗಿದ್ದಾರೆ. ಆ ಗದ್ದಲದಲ್ಲಿ ತಲೆ ಎತ್ತಿ ನೋಡಿರಲಿಲ್ಲ.

ಒಳಗೆ ಕತ್ತಲು. ಗೋಡೆ, ಗುಂಬಜಿನ ಒಳಮೈ ಪೂರ್ತಿ ಬಣ್ಣದ ಚಿತ್ರ, ಅಕ್ಷರ, ಆದರೆ ಮೊದಲು ಏನೂ ಕಾಣುವುದಿಲ್ಲ. ಅಲ್ಲಿ ನೋಡಿಕೊಳ್ಳುವವರು ಬಾಗಿಲ ಹೊರಗೆ ನಿಂತು ಕನ್ನಡಿಯಿಂದ ಬಿಸಿಲನ್ನು ಒಳಗೆ ತಿರುಗಿಸಿ ತೋರಿಸುತ್ತಾರೆ. ಮಗ ನಾನೂ ಹಿಡಿತೀನಿ ಅಂದ, ಆ ಹಿರಿಯರು ನಗುತ್ತಾ ಕನ್ನಡಿ ಕೊಟ್ಟರು. ಬಿಸಿಲಿನ ತುಂಡು ನೆಲದ ಮೇಲೆ ಓಡಾಡಿ, ಗೋಡೆ ಹತ್ತಿ, ಕೆಂಪು, ಬಂಗಾರದ ಮೇಲೆ ಹಾದುಹೋಯಿತು. ಒಳಗೆ ಅಪ್ಪ ಕಂಬದ ಹಾಗೆ ನಿಂತು ಮೇಲೆ ನೋಡುತ್ತಿದ್ದರು.

"ಎಡಕ್ಕ ತಗೋ... ಇನ್ನ ಸ್ವಲ್ಪ ಮ್ಯಾಲ. ಹಾಂ. ಅಲ್ಲೇ ಹಿಡಿ, ಅಲ್ಲಾಡಿಸ್ಬ್ಯಾಡ."