ನಿನ್ನೆ ಮತ್ತೆ ನಾಗರಹಾವು

ನಿನ್ನೆ ರಾತ್ರಿ ಮಗಳ ಜೊತೆ ಕೂತು 'ನಾಗರಹಾವು' ನೋಡಿದೆ. 1972ರ ಸಿನಿಮಾ. ಎಷ್ಟನೇ ಸಲವೋ ಲೆಕ್ಕವಿಲ್ಲ.

ನಾಯಕಿ ಅಲಮೇಲುವನ್ನು ಕಾಡುವ ಪುಂಡ ಜಲೀಲ ಸೈಕಲ್ ಏರಿ ಬಂದ. ಬುಲ್‌ಬುಲ್ ಡೈಲಾಗ್ ನನ್ನ ಬಾಯಲ್ಲೇ ಬಂದುಬಿಟ್ಟಿತು, ಜಲೀಲನಾಗಿದ್ದ ಅಂಬರೀಷ್‌ಗಿಂತ ಮೊದಲೇ. ಮಗಳು ನಗಲಿಲ್ಲ. "ಅಪ್ಪಾ, ಇದು ಚುಡಾಯಿಸೋದು ಅಲ್ವಾ?" ಅಂದಳು.

ಹೌದು ಕಣಮ್ಮಾ. ಮದುವೆ ಮನೆಗಳಲ್ಲಿ ನಾವು ಹುಡುಗರು ಅದನ್ನೇ ಹೇಳಿಕೊಂಡು ಓಡಾಡಿದ್ದೆವು. ಅಲಮೇಲು ಮುಖದ ಭಯ ಮಾತ್ರ ಯಾರೂ ನೋಡಿರಲಿಲ್ಲ. ನಿನ್ನೆ ನೋಡಿದೆ. ಆರತಿ ಅದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ!

ಮೇಷ್ಟ್ರು ಹೇಳಿದರು ಅಂತ ನಾಯಕ ರಾಮಾಚಾರಿ ಅಲಮೇಲು ಮೇಲಿನ ಪ್ರೀತಿ ಬಿಟ್ಟುಕೊಟ್ಟಾಗ ಮಗಳಿಗೆ ಸಿಟ್ಟೇ ಬಂತು. "ಅಲಮೇಲುನ ಯಾರೂ ಕೇಳಲೇ ಇಲ್ವಲ್ಲ?"

ಮುಂದೆ ಹೋಟೆಲ್ ಕೋಣೆಯಲ್ಲಿ ರಾಮಾಚಾರಿಗೆ ಅದೇ ಅಲಮೇಲು ಸಿಗುತ್ತಾಳೆ, ವೇಶ್ಯೆಯಾಗಿ. ಅಲ್ಲಿಗೆ ಬಂದಾಗ ಇವಳು ತಟ್ಟೆಯಲ್ಲಿದ್ದ ಚುರುಮುರಿ ಮರೆತಳು. ನಿರ್ದೇಶಕ ಪುಟ್ಟಣ್ಣನವರಿಗೆ ಎಲ್ಲ ಗೊತ್ತಿತ್ತು ಅನ್ನಿಸುತ್ತೆ. ಮೇಷ್ಟ್ರ ಮಾತಿಗೆ ಬೆಲೆ ತೆತ್ತಿದ್ದು ಯಾರು ಅಂತ ತೋರಿಸಿಯೇ ಇದ್ದಾರೆ. ತಲೆಯಾಡಿಸುತ್ತಾ ನೋಡಿದ್ದು ನಾವು.

ಸಿನಿಮಾ ಹಳೆಯದಾಗಿದೆಯಾ? ಅಲ್ಲಲ್ಲಿ ಆಗಿದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಆದರೆ ಚಿತ್ರದುರ್ಗದ ಬಂಡೆ ಮೇಲೆ ಕೊನೆಯ ದೃಶ್ಯ ಶುರುವಾದಾಗ ಮಗಳು ನನ್ನ ತೋಳು ಹಿಡಿದುಕೊಂಡಳು.

ಚುರುಮುರಿ ಪೂರ್ತಿ ಮೆತ್ತಗಾಗಿತ್ತು.